ವಿಮಾನಗಳು ನಿಂತ 35 ನಿಮಿಷ

ಗಿಮ್ಹೇ, ದಕ್ಷಿಣ ಕೊರಿಯಾ
ನವೆಂಬರ್ 17, 2024

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ಒಂದು ತಿಂಗಳಾಯಿತು. ಅದರಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ. ಅಷ್ಟು ಮುಂದುವರಿದ ದೇಶವಲ್ವಾ, ಅಲ್ಲಿನ ಹುಡುಗರು ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾರಾ ಅಂತ. ಇಲ್ಲ, ಮಾತಾಡುವುದಿಲ್ಲ ಅಂತ ಒಂದು ಸಾಲು ಬರೆದು ಕಳಿಸಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅಷ್ಟೇ ಬರೆದರೆ ಈ ಹುಡುಗರಿಗೆ ಅನ್ಯಾಯ ಮಾಡಿದ ಹಾಗೆ. ಅದಕ್ಕೇ ತಡವಾಯಿತು. ಮೊನ್ನೆ ಗುರುವಾರ ಕಳೆದ ಮೇಲೆ ಬರೆಯಲೇಬೇಕು ಅನ್ನಿಸಿತು.

ನಾನು ಇಂಗ್ಲಿಷ್ ಕಲಿಸುವುದು ಬರೀ ಗಂಡುಹುಡುಗರ ಹೈಸ್ಕೂಲಿನಲ್ಲಿ. ಇಲ್ಲಿ ಹೈಸ್ಕೂಲು ಅಂದರೆ ಮೂರು ವರ್ಷ, ಕೊನೆಯ ವರ್ಷ ನಮ್ಮ ಎರಡನೇ ಪಿಯುಸಿಗೆ ಸಮ. ಬೆಳಿಗ್ಗೆ ಬಾಗಿಲಲ್ಲೇ ಶೂ ಬಿಚ್ಚಿಟ್ಟು ಒಳಗಿನ ಚಪ್ಪಲಿ ಹಾಕಿಕೊಳ್ಳಬೇಕು. ಹುಡುಗರೆಲ್ಲರ ಕಾಲಲ್ಲೂ ಒಂದೇ ನಮೂನೆ, ಮೂರು ಬಿಳಿ ಪಟ್ಟೆಯ ರಬ್ಬರ್ ಚಪ್ಪಲಿ. ನೂರಾರು ಜೋಡಿ ಚಪ್ಪಲಿ ಕಾರಿಡಾರಿನಲ್ಲಿ ಚಟಪಟ ಅನ್ನುವ ಸದ್ದಿನಿಂದಲೇ ನನ್ನ ದಿನ ಶುರು. ನಾನು ಕೂರುವುದು ಶಿಕ್ಷಕರ ಕೋಣೆಯಲ್ಲಿ, ಅದಕ್ಕೆ ಗ್ಯೊಮುಸಿಲ್ ಅನ್ನುತ್ತಾರೆ. ಮೇಷ್ಟ್ರಿಗೆ ಇಲ್ಲಿ ಸೊನ್ಸೆಂಗ್ನಿಮ್ ಅಂತ ಗೌರವದ ಮಾತು. ಹುಡುಗರ ಬಾಯಲ್ಲಿ ಅದು ಸವೆದು ಸವೆದು ಬರೀ 'ಸೆಮ್' ಆಗಿದೆ. ನಿನ್ನ ಹುಡುಗರ ಬಾಯಲ್ಲಿ 'ಸಾರ್' ಅನ್ನುವುದು 'ಸಾ' ಆಗಿಲ್ವಾ, ಹಾಗೆ.

ನಾನು ಇಲ್ಲಿಗೆ ಬಂದದ್ದು ಹೇಗೆ ಅಂತ ನಿಮ್ಮ ಸ್ಟಾಫ್ ರೂಮಿನಲ್ಲಿ ಕೇಳಿದರಂತೆ. ಇಂಗ್ಲಿಷ್ ಶಿಕ್ಷಕರ ವೀಸಾ ಸಾಮಾನ್ಯವಾಗಿ ಏಳು ದೇಶದವರಿಗೆ ಮಾತ್ರ: ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಭಾರತ ಮತ್ತು ಕೊರಿಯಾ ನಡುವೆ ಒಂದು ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಪದವಿಯೂ ಶಿಕ್ಷಕರ ತರಬೇತಿಯೂ ಇರುವ ಭಾರತೀಯರು ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಲು ಅದರಲ್ಲಿ ದಾರಿ ಇದೆ. ನಮ್ಮ ಬಿ.ಎಡ್. ಇಲ್ಲಿ ಕೆಲಸಕ್ಕೆ ಬಂತು ನೋಡು. ನನ್ನಂಥವರನ್ನು ಇಲ್ಲಿ 'ವೊನೊಮಿನ್' ಅನ್ನುತ್ತಾರೆ. ಆ ಭಾಷೆಯನ್ನೇ ಹುಟ್ಟಿನಿಂದ ಆಡಿದವರು ಅಂತ ಅರ್ಥ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಆ ಪದ ಕೇಳಿದಾಗಲೆಲ್ಲ ಒಳಗೆ ಏನೋ ತಡೆದಂತಾಗುತ್ತದೆ. ಮೊದಲ ವಾರವೇ ಹುಡುಗರಿಗೆ ನಿಜ ಹೇಳಿಬಿಟ್ಟೆ. ಇಂಗ್ಲಿಷ್ ನನ್ನ ಭಾಷೆಯಲ್ಲ, ನಾನೂ ನಿಮ್ಮ ಹಾಗೆ ಕಷ್ಟಪಟ್ಟು ಕಲಿತವನು ಅಂತ. ಕ್ಲಾಸು ಸುಮ್ಮನೆ ನನ್ನನ್ನೇ ನೋಡಿತು.

ಆ ಸುಮ್ಮನಿರುವುದರ ಬಗ್ಗೆಯೇ ನಿನಗೆ ಹೇಳಬೇಕು.

ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಈ ಹುಡುಗರನ್ನು ನೀನು ನೋಡಬೇಕು. ಓಡುತ್ತಾರೆ, ನಿಜವಾಗಿಯೂ ಓಡುತ್ತಾರೆ. ಸ್ಟೀಲ್ ತಟ್ಟೆಯ ಗುಂಡಿಗಳಲ್ಲಿ ಅನ್ನ, ಸಾರು, ಕಿಮ್ಚಿ, ಇನ್ನೆರಡು ಮೂರು ಪಲ್ಯ. ನಿಮ್ಮ ಬಿಸಿಯೂಟದ ಹಾಗೆ ಇಲ್ಲೂ ಮಕ್ಕಳಿಗೆ ದುಡ್ಡಿಲ್ಲ, ಮೇಷ್ಟ್ರುಗಳು ಕೊಡಬೇಕು. ಹತ್ತು ನಿಮಿಷದಲ್ಲಿ ಉಂಡು ಮುಗಿಸಿ ಫುಟ್‌ಬಾಲ್ ಆಡಲು ಮೈದಾನಕ್ಕೆ. ಕಿರುಚಾಟ, ತಳ್ಳಾಟ, ಒಬ್ಬನ ಹೆಗಲ ಮೇಲೆ ಇನ್ನೊಬ್ಬ. ಯಾರು ಗೋಲಿಗೆ ನಿಲ್ಲಬೇಕು, ಸಂಜೆ ಕಸ ಯಾರು ಗುಡಿಸಬೇಕು ಅನ್ನುವುದೆಲ್ಲ 'ಗಾವಿ-ಬಾವಿ-ಬೊ' ಅಂತ ಕೈ ಚಾಚಿ ತೀರ್ಮಾನ. ನಮ್ಮ ಕಲ್ಲು-ಕಾಗದ-ಕತ್ತರಿಯೇ ಅದು. ಹೌದು, ಕ್ಲಾಸನ್ನು ದಿನಾ ಹುಡುಗರೇ ಗುಡಿಸಿ ಒರೆಸುತ್ತಾರೆ.

ಅದೇ ಹುಡುಗರು ಊಟದ ನಂತರ ನನ್ನ ಕ್ಲಾಸಿನಲ್ಲಿ ಕಲ್ಲು. 50 ನಿಮಿಷದ ಪೀರಿಯಡ್ಡು, ಮೂವತ್ತು ಚಿಲ್ಲರೆ ಹುಡುಗರು. ಪ್ರಶ್ನೆ ಕೇಳಿದರೆ ತಲೆ ಬಗ್ಗಿಸುತ್ತಾರೆ. ಕೆಲವರು ಮೇಜಿನ ಮೇಲೆ ತಲೆಯಿಟ್ಟು ಮಲಗಿರುತ್ತಾರೆ. ಕೆಲವರ ಪುಸ್ತಕದ ಕೆಳಗೆ ಗಣಿತದ ಹಾಳೆ. ಮೊದಲ ತಿಂಗಳು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅವರ ದಿನಚರಿ ತಿಳಿಯಿತು. ಶಾಲೆ ಮುಗಿದ ಮೇಲೆ 'ಯಾಜಾ', ಅಂದರೆ ರಾತ್ರಿ ಶಾಲೆಯಲ್ಲೇ ಕೂತು ಓದುವುದು. ಅದು ಈಗ ಕಡ್ಡಾಯವಲ್ಲ, ಆದರೂ ಎಷ್ಟೋ ಹುಡುಗರು ಕೂರುತ್ತಾರೆ. ಉಳಿದವರು ಹಗ್ವೊನ್‌ಗೆ, ಅಂದರೆ ಟ್ಯೂಷನ್‌ಗೆ. ಮನೆ ಸೇರುವಾಗ ರಾತ್ರಿ ಹತ್ತು ದಾಟಿರುತ್ತದೆ. ಹದಿನೇಳು ವರ್ಷದ ಹುಡುಗ ಮಧ್ಯಾಹ್ನ ಎರಡು ಗಂಟೆಗೆ ನಿದ್ದೆ ಮಾಡದೆ ಇನ್ನೇನು ಮಾಡಿಯಾನು?

ಅಂಕಗಳದ್ದು ಇನ್ನೊಂದು ಕತೆ. ಈ 2024ರಲ್ಲಿ ಶಾಲೆಯ ಪರೀಕ್ಷೆಯಲ್ಲಿ ಒಂಬತ್ತು ಶ್ರೇಣಿ. ಮೊದಲ ಶ್ರೇಣಿ ನೂರಕ್ಕೆ ನಾಲ್ವರಿಗೆ ಮಾತ್ರ, ಎರಡನೆಯದು ಮುಂದಿನ ಏಳು ಜನಕ್ಕೆ. ನೀನು ಎಷ್ಟೇ ಚೆನ್ನಾಗಿ ಬರೆ, ಪಕ್ಕದವನು ಇನ್ನೂ ಚೆನ್ನಾಗಿ ಬರೆದರೆ ನೀನು ಕೆಳಗಿಳಿಯುತ್ತೀಯ. ಮಧ್ಯಾಹ್ನ ಹೆಗಲ ಮೇಲೆ ಹತ್ತಿಸಿಕೊಂಡ ಗೆಳೆಯನೇ ಪರೀಕ್ಷೆಯ ಪಟ್ಟಿಯಲ್ಲಿ ಎದುರಾಳಿ. ಅಂಥ ಕಡೆ ಎದ್ದು ನಿಂತು ತಪ್ಪು ಇಂಗ್ಲಿಷ್ ಮಾತಾಡು ಅಂತ ನಾನು ಹೇಗೆ ಹೇಳಲಿ?

ತುಮಕೂರಿನಲ್ಲಿ ಪಿಯುಸಿ ಮೊದಲ ವರ್ಷ ನೆನಪಿದೆಯಾ? ಭೌತಶಾಸ್ತ್ರದ ಕ್ಲಾಸಿನಲ್ಲಿ ನಮ್ಮಿಬ್ಬರಿಗೂ ಉತ್ತರ ಗೊತ್ತಿತ್ತು. ಕನ್ನಡದಲ್ಲಿ ಗೊತ್ತಿತ್ತು. ನೀನು ಬೆಂಚಿನ ಕೆಳಗೆ ನನ್ನ ಮೊಣಕಾಲು ತಿವಿದೆ, ನೀನು ಹೇಳು ಅಂತ. ನಾನು ನಿನ್ನದು ತಿವಿದೆ. ಇಬ್ಬರೂ ಬಾಯಿ ಬಿಡಲಿಲ್ಲ. ಇಬ್ಬರಿಗೂ ದಡ್ಡರು ಅನ್ನುವ ಹೆಸರು ಬಂತು. ಇಲ್ಲಿ ಬಗ್ಗಿದ ತಲೆಗಳನ್ನು ನೋಡುವಾಗ ಆ ಬೆಂಚು ಕಣ್ಣ ಮುಂದೆ ಬರುತ್ತದೆ. ಅದಕ್ಕೇ ಈಗ ನಾನು ಯಾರನ್ನೂ ಒಬ್ಬಂಟಿಯಾಗಿ ಎಬ್ಬಿಸುವುದಿಲ್ಲ. ಮೊದಲು ಪಕ್ಕದವನ ಜೊತೆ ಪಿಸುಮಾತಿನಲ್ಲಿ ಆಡಿಕೊಳ್ಳಿ ಅನ್ನುತ್ತೇನೆ. ಆಮೇಲೆ ನಾಲ್ವರು. ಕ್ಲಾಸಿನ ಮುಂದೆ ಬರುವುದು ಬೇಕಾದರೆ ಮಾತ್ರ.

ಮೌನ ಮುರಿದದ್ದು ಮಾತ್ರ ಕನ್ನಡದಿಂದ. ನಂಬುತ್ತೀಯಾ?

ಅಕ್ಟೋಬರ್ 9 ಇಲ್ಲಿ ಹಂಗುಲ್ ದಿನ, ಅಂದರೆ ಅವರ ಲಿಪಿಯ ಹಬ್ಬ. ಸೆಜೊಂಗ್ ಅನ್ನುವ ರಾಜ 1443ರಲ್ಲಿ ರೂಪಿಸಿ 1446ರಲ್ಲಿ ಜನರಿಗೆ ಕೊಟ್ಟ ಲಿಪಿ. ಅವನ ಹುಟ್ಟುಹಬ್ಬ ಮೇ 15ನ್ನೇ ಶಿಕ್ಷಕರ ದಿನ ಮಾಡಿಕೊಂಡಿದ್ದಾರೆ. ಹಬ್ಬದ ಹಿಂದಿನ ದಿನ ಹುಡುಗರ ಮನೆತನದ ಹೆಸರುಗಳನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದೆ. ಕ್ಲಾಸಿನ ತುಂಬ ಕಿಮ್‌ಗಳು. ನಾನು 'ಕಿಮ್' ಅಂತ ಬರೆದೆ. ಒಬ್ಬ ಎದ್ದು, ಅದು 'ಗಿಮ್' ಅಂದ. ಇನ್ನೊಬ್ಬ ಅಲ್ಲ ಅಂದ. ಅವರ ಅಕ್ಷರದ ಸದ್ದು ನಮ್ಮ ಕ ಮತ್ತು ಗ ಎರಡರ ನಡುವೆ ಎಲ್ಲೋ ಇದೆ. ನಮ್ಮಲ್ಲಿ ಕ, ಖ, ಗ, ಘ ಅಂತ ನಾಲ್ಕು ಬೇರೆ ಬೇರೆ ಇವೆ ಅಂತ ಹೇಳಿ ತೋರಿಸಿದೆ. ಇಡೀ ಕ್ಲಾಸು ಕ, ಖ, ಗ, ಘ ಅಂತ ಒದರಿತು. ನಿನ್ನ ಒಂದನೇ ತರಗತಿಯವರ ಹಾಗೆ.

ಆಮೇಲೆ ಇನ್ನೊಂದು ಬರೆದೆ. ಇವರು ಬಸ್ಸಿಗೆ 'ಬೊಸು' ಅನ್ನುತ್ತಾರೆ. ನಾವು 'ಬಸ್ಸು' ಅನ್ನುತ್ತೇವೆ. ಕಾರ್ಡಿಗೆ ಇವರು 'ಕಾದು', ನಾವು 'ಕಾರ್ಡು'. ಇಂಗ್ಲಿಷ್ ಪದದ ಕೊನೆಗೆ ವ್ಯಂಜನ ಒಂಟಿಯಾಗಿ ನಿಂತರೆ ಇಬ್ಬರಿಗೂ ಸಮಾಧಾನವಿಲ್ಲ, ಒಂದು ಸ್ವರ ಜೋಡಿಸುತ್ತೇವೆ. ಕಾಫಿಗೆ ಇವರು 'ಕೊಪಿ' ಅನ್ನುತ್ತಾರೆ, ನಮ್ಮಜ್ಜಿ 'ಕಾಪಿ' ಅನ್ನುತ್ತಿದ್ದಳು. ಸಿನಿಮಾ ರೀಲಿಗೆ ಇವರು 'ಪಿಲ್ಲುಮ್', ನಮ್ಮ ಕಡೆ 'ಪಿಲ್ಮು'. ಇದು ತಪ್ಪಲ್ಲ, ನಮ್ಮ ಭಾಷೆಗಳ ನಾಲಿಗೆಯೇ ಹಾಗೆ ಅಂತ ಅಂದೆ. ಅವತ್ತಿನವರೆಗೆ ತಮ್ಮ ಉಚ್ಚಾರಣೆ ಅಂದರೆ ನಾಚಿಕೆ ಪಡುವ ವಿಷಯ ಅಂತ ಅವರಿಗೆ ಎಲ್ಲರೂ ಹೇಳಿಕೊಟ್ಟಿದ್ದರು. ನಾನು ಅಪ್ಪ, ಅಮ್ಮ ಅಂತ ಬರೆದು ಓದಿದಾಗಂತೂ ಗಲಾಟೆಯೇ ಎದ್ದಿತು. ಅವರ ಭಾಷೆಯಲ್ಲೂ 'ಆಪ್ಪಾ', 'ಒಮ್ಮಾ'. ಹಿಂದಿನ ಸಾಲಿನಲ್ಲಿ ಯಾವಾಗಲೂ ಮಲಗಿರುವ ಉದ್ದನೆಯ ಹುಡುಗನೊಬ್ಬನಿದ್ದಾನೆ. ಅವತ್ತು ಅವನು ತಲೆ ಎತ್ತಿದ. ಪೀರಿಯಡ್ಡು ಮುಗಿಯುವವರೆಗೂ ಇಳಿಸಲಿಲ್ಲ.

ಭಾರತದವನು ಅಂದರೆ ಈ ಊರಿನಲ್ಲಿ ಒಂದು ವಿಶೇಷ ಸಲಿಗೆಯೂ ಇದೆ. ಗಿಮ್ಹೇ ಹಿಂದೆ ಗಾಯಾ ಅನ್ನುವ ರಾಜ್ಯದ ಊರು. ಕ್ರಿ.ಶ. 48ರಲ್ಲಿ ಆಯುತಾ ಎಂಬ ನಾಡಿನ ರಾಜಕುಮಾರಿ ಹಡಗಿನಲ್ಲಿ ಬಂದು ಇಲ್ಲಿನ ಸುರೊ ರಾಜನನ್ನು ಮದುವೆಯಾದಳು ಅಂತ 13ನೇ ಶತಮಾನದ 'ಸಮ್ಗುಕ್ ಯುಸಾ' ಗ್ರಂಥದಲ್ಲಿ ಇದೆ. ಆಯುತಾ ಅಂದರೆ ಅಯೋಧ್ಯೆ ಅಂತ ತುಂಬಾ ಜನ ನಂಬುತ್ತಾರೆ, ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆ ರಾಣಿ ಹೊ ಹ್ವಾಂಗ್-ಒಕ್‌ಳ ಸಮಾಧಿ ಊರೊಳಗೇ ಇದೆ. ಗಿಮ್ಹೇ ಕಿಮ್‌ಗಳೂ ಗಿಮ್ಹೇ ಹೊ ಮನೆತನದವರೂ ಆ ಇಬ್ಬರ ವಂಶ ಅನ್ನುವ ನಂಬಿಕೆ. ಅದಕ್ಕೇ ಅವರವರಲ್ಲಿ ಮದುವೆ ಮಾಡಿಕೊಳ್ಳುವುದಿಲ್ಲ ಅನ್ನುವ ಹಳೆಯ ಕಟ್ಟಳೆ ಇದೆ. ನಮ್ಮ ಸಗೋತ್ರದ ಹಾಗೆ. ಮೊದಲ ವಾರ ಒಬ್ಬ ಹುಡುಗ ಓಡಿ ಬಂದು, "ಟೀಚರ್, ಯೂ, ಮೈ ಗ್ರ್ಯಾಂಡ್‌ಮದರ್ ಬ್ರದರ್!" ಅಂತ ಹೇಳಿ ಓಡಿಹೋದ. ಎಷ್ಟು ಖುಷಿಯಾಯಿತು ಗೊತ್ತಾ.

ಬೀದಿಯಲ್ಲಿ ಬೇರೆ. ಗಿಮ್ಹೇ ಸುತ್ತ ಸಣ್ಣ ಸಣ್ಣ ಕಾರ್ಖಾನೆಗಳು ಜಾಸ್ತಿ. ನೇಪಾಳ, ಶ್ರೀಲಂಕಾ, ಉಜ್ಬೇಕಿಸ್ತಾನ, ವಿಯೆಟ್ನಾಂ ಕಡೆಯವರು ಅಲ್ಲಿ ದುಡಿಯುತ್ತಾರೆ. ದೊಂಗ್ಸಾಂಗ್-ದೊಂಗ್ ಮಾರುಕಟ್ಟೆಯಲ್ಲಿ ಅವರ ಅಂಗಡಿಗಳಿವೆ, ನನಗೆ ತೊಗರಿಬೇಳೆ ಸಿಗುವುದು ಅಲ್ಲೇ. ನನ್ನನ್ನೂ ಅಲ್ಲಿನ ಕೆಲಸಗಾರ ಅಂದುಕೊಂಡು ಏಕವಚನದಲ್ಲಿ ಮಾತಾಡಿದವರಿದ್ದಾರೆ. ಶಿಕ್ಷಕ ಅಂತ ತಿಳಿದ ತಕ್ಷಣ ಅದೇ ಜನ ಬಗ್ಗಿ ನಮಸ್ಕಾರ ಮಾಡುತ್ತಾರೆ. ಆ ಬಗ್ಗುವುದು ನನಗೆ ಮೊದಲಿನದಕ್ಕಿಂತ ಜಾಸ್ತಿ ನೋವು ಕೊಟ್ಟಿದೆ.

ಆ ಉದ್ದನೆಯ ಹುಡುಗ ಒಂದು ರಾತ್ರಿ ಹತ್ತೂವರೆಗೆ ಅಂಗಡಿಯೊಂದರಲ್ಲಿ ಸಿಕ್ಕ. ಒಬ್ಬನೇ ನಿಂತು ಕಪ್ಪಿನಲ್ಲಿ ರಾಮ್ಯನ್ ನೂಡಲ್ಸ್ ತಿನ್ನುತ್ತಿದ್ದ. "ಟೀಚರ್, ಬಾಪ್?" ಅಂದ. ಬಾಪ್ ಅಂದರೆ ಅನ್ನ. ಊಟ ಆಯ್ತಾ ಅಂತ ಕೇಳಿದ್ದು. ಇವರೂ ನಮ್ಮ ಹಾಗೆ ಮಾತು ಶುರು ಮಾಡುವುದೇ ಊಟದಿಂದ. ಆಯಿತು ಅಂದೆ. ಆಮೇಲೆ ಅವನೇ ಇಂಗ್ಲಿಷ್‌ನಲ್ಲಿ ಮುಂದುವರಿಸಿದ. "ಮೈ ಫಾದರ್ ಫ್ರೆಂಡ್, ನೇಪಾಲ್ ಪೀಪಲ್. ಸೇಮ್ ಫ್ಯಾಕ್ಟರಿ. ಹಿ ಗಿವ್ ಮಿ ಕರಿ. ವೆರಿ ಹಾಟ್. ಬಟ್ ಐ ಈಟ್ ಆಲ್." ಅವನ ಅಪ್ಪ, ಆ ನೇಪಾಳದವನು, ಅವನ ಊರಿನಲ್ಲಿರುವ ಮಗಳು. ಹತ್ತು ನಿಮಿಷ ಹೇಳಿದ. ವ್ಯಾಕರಣ ಎಲ್ಲೆಲ್ಲೋ ಹೋಯಿತು, ನನಗೆ ಅರ್ಥವಾಗದ ಒಂದು ಮಾತೂ ಇರಲಿಲ್ಲ. ಈ ಹುಡುಗ ಇಂಗ್ಲಿಷ್‌ನಲ್ಲಿ ಏಳನೇ ಶ್ರೇಣಿ.

ಈಗ ಗುರುವಾರದ ವಿಷಯ. ನವೆಂಬರ್ 14, ಸುನುಂಗ್. ಕಾಲೇಜು ಸೇರುವ ಪರೀಕ್ಷೆ, ದೇಶಕ್ಕೆಲ್ಲ ಒಂದೇ ದಿನ. ಈ ಸಲ ಐದು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟಿದ್ದರು. ಹಿಂದಿನ ದಿನ ನಮ್ಮ ಕಿರಿಯ ಹುಡುಗರು ಕಟ್ಟಡದಿಂದ ಗೇಟಿನವರೆಗೆ ಎರಡು ಸಾಲು ನಿಂತರು. ನಡುವೆ ಮೂರನೇ ವರ್ಷದವರು ನಡೆದು ಹೋದರು. ಚಪ್ಪಾಳೆ, ಕೂಗು. ಕೈಯಲ್ಲಿ ಅಂಟು ಅಂಟಾದ ಯೊತ್ ಮಿಠಾಯಿ, ಓದಿದ್ದು ತಲೆಗೆ ಅಂಟಿಕೊಳ್ಳಲಿ ಅಂತ. ಜಾರುವ ಕಡಲ ಪಾಚಿಯ ಸಾರನ್ನು ಆ ವಾರ ಯಾರೂ ಮುಟ್ಟುವುದಿಲ್ಲ. ಪರೀಕ್ಷೆಯ ದಿನ ಕಚೇರಿಗಳು ತಡವಾಗಿ ತೆರೆಯುತ್ತವೆ, ಷೇರು ಮಾರುಕಟ್ಟೆಯೂ ಒಂದು ಗಂಟೆ ತಡ. ತಡವಾದ ಹುಡುಗರನ್ನು ಪೊಲೀಸರೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾರೆ.

ನನಗೆ ಅವತ್ತು ರಜೆ. ಮಧ್ಯಾಹ್ನ ಹೇಬಾನ್ ಹೊಳೆಯ ದಂಡೆಯಲ್ಲಿ ಕೂತಿದ್ದೆ. ಪುಸಾನಿನ ವಿಮಾನ ನಿಲ್ದಾಣ ನಮಗೆ ಪಕ್ಕದಲ್ಲೇ, ವಿಮಾನದ ಸದ್ದು ದಿನವೂ ಇರುತ್ತದೆ. ಒಂದು ಗಂಟೆ ಐದು ನಿಮಿಷಕ್ಕೆ ಅದು ನಿಂತಿತು. ಇಂಗ್ಲಿಷ್ ಕೇಳಿ ಉತ್ತರಿಸುವ ಭಾಗ ನಡೆಯುವಾಗ 35 ನಿಮಿಷ ದೇಶದಲ್ಲಿ ಯಾವ ವಿಮಾನವೂ ಏರುವುದಿಲ್ಲ, ಇಳಿಯುವುದಿಲ್ಲ. ಮೇಲಿದ್ದವು ಎತ್ತರದಲ್ಲೇ ಸುತ್ತಬೇಕು. ಹೊಳೆಯ ನೀರಿನ ಸದ್ದು ಕೇಳಿಸುವಷ್ಟು ನಿಶ್ಶಬ್ದ. ನನಗೆ ಗಂಟಲು ಕಟ್ಟಿತು. ಮಕ್ಕಳಿಗಾಗಿ ಒಂದು ದೇಶ ಇಷ್ಟು ಮಾಡುತ್ತದಲ್ಲ ಅಂತ ಒಂದು ಕಡೆ. ಇನ್ನೊಂದು ಕಡೆ, ಆ ಪರೀಕ್ಷೆಯ 45 ಪ್ರಶ್ನೆಗಳಲ್ಲಿ 17 ಕೇಳುವುದಕ್ಕೆ, ಉಳಿದದ್ದೆಲ್ಲ ಓದುವುದಕ್ಕೆ. ಬಾಯಿ ತೆರೆಯುವುದಕ್ಕೆ ಒಂದೂ ಇಲ್ಲ. ರಾತ್ರಿ ಹತ್ತೂವರೆಗೆ ರಾಮ್ಯನ್ ಹಿಡಿದು ನಿಂತವನು ಆಡಿದ ಆ ಹತ್ತು ನಿಮಿಷವನ್ನು ಯಾವ ಹಾಳೆಯಲ್ಲಿ ಬರೆಯಲಿ? ನಿನ್ನ ಪ್ರಶ್ನೆಗೆ ನನ್ನ ಉತ್ತರ ಅದೇ, ಗೆಳೆಯಾ.

ಶುಕ್ರವಾರ ಎರಡನೇ ವರ್ಷದವರಿಗೆ ನಿನ್ನ ಶಾಲೆಯ ಬಗ್ಗೆ ಹೇಳಿದೆ. ತಿಪಟೂರಿನ ತೆಂಗಿನ ತೋಟದ ಫೋಟೊ ತೋರಿಸಿದೆ. ನಿಮ್ಮ ಮಕ್ಕಳಿಗೆ ಒಂದೊಂದು ಪ್ರಶ್ನೆ ಬರೆಯಿರಿ, ತಪ್ಪಿದ್ದರೆ ಇರಲಿ, ನಾನು ತಿದ್ದುವುದಿಲ್ಲ ಅಂದೆ. 31 ಚೀಟಿ ಬಂದವು. ಇದರ ಜೊತೆ ಕಳಿಸುತ್ತಿದ್ದೇನೆ. ಹೆಚ್ಚಿನವು ಕ್ರಿಕೆಟ್ ಬಗ್ಗೆ, ಊಟದ ಬಗ್ಗೆ. ಉದ್ದನೆಯ ಹುಡುಗ ತನ್ನ ಮನೆತನದ ಹೆಸರನ್ನು ಕನ್ನಡದಲ್ಲೇ ಬರೆದಿದ್ದಾನೆ, ಗ ಅಕ್ಷರ ಹಾಕಿ. ಶಾಲೆ ಬಿಟ್ಟ ಮೇಲೆ ನೀವು ಏನು ಮಾಡುತ್ತೀರಿ ಅಂತ ಅವನ ಪ್ರಶ್ನೆ.

ಉತ್ತರಗಳು ಡಿಸೆಂಬರ್ ಒಳಗೆ ಬಂದರೆ ಒಳ್ಳೆಯದು. ಆಮೇಲೆ ಚಳಿಗಾಲದ ರಜೆ, ಮಾರ್ಚ್‌ನಲ್ಲಿ ಹೊಸ ವರ್ಷ ಶುರುವಾದರೆ ಈ ಕ್ಲಾಸು ಚದುರಿಹೋಗುತ್ತದೆ. ನಿನ್ನ ಮಕ್ಕಳು ಕನ್ನಡದಲ್ಲಿ ಬರೆದರೂ ಪರವಾಗಿಲ್ಲ. ಇವರಿಗೆ ನಾನು ಓದಿ ಹೇಳುತ್ತೇನೆ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ
ಹಳೆಯ ಬೆಂಚಿನ ಗೆಳೆಯ