ಜಂಪ್ ಸೀಟ್ ಪುಕ್ಕಟೆ ಸೀಟಲ್ಲ

ಮಾನ್ಯ ಸಂಪಾದಕರೇ,

ಬೇರೆ ಕಂಪನಿಯ ವಿಮಾನದ ಕಾಕ್‌ಪಿಟ್‌ನಲ್ಲಿರುವ ಹೆಚ್ಚುವರಿ ಆಸನದಲ್ಲಿ, ಅಂದರೆ ಜಂಪ್ ಸೀಟಿನಲ್ಲಿ, ಕುಳಿತು ಪೈಲಟ್‌ಗಳು ಬಿಟ್ಟಿಯಾಗಿ ಓಡಾಡುತ್ತಾರೆ ಎಂಬ ಮಾತು ಕಲಬುರಗಿ ವಿಮಾನ ನಿಲ್ದಾಣದಲ್ಲಿ ತರಬೇತಿ ಪಡೆಯುವ ಹುಡುಗರಲ್ಲೂ ಇದೆ. ಇದು ಅರ್ಧ ಸತ್ಯ.

ಈ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಗೇಟಿನ ಸಿಬ್ಬಂದಿ ಪೈಲಟ್‌ನ ನೌಕರಿ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿ, ಪರದೆಯಲ್ಲಿ ಬರುವ ಫೋಟೊವನ್ನು ಮುಖದ ಜೊತೆ ಹೋಲಿಸುತ್ತಾರೆ. ಕೆಲಸ ಬಿಟ್ಟವರು ಅಲ್ಲೇ ಸಿಕ್ಕಿಬೀಳುತ್ತಾರೆ. ಎಲ್ಲ ಸರಿಯಿದ್ದರೂ ಕೊನೆಯ ಮಾತು ಆ ವಿಮಾನದ ಕ್ಯಾಪ್ಟನ್‌ದೇ. ಬೇಡವೆಂದರೆ ಮುಗಿಯಿತು, ವಾದಿಸುವಂತಿಲ್ಲ.

ನಮ್ಮಲ್ಲಿ ನಿಯಮ ಬಿಗಿ. 2023ರ ಫೆಬ್ರುವರಿಯಲ್ಲಿ ದುಬೈ–ದೆಹಲಿ ವಿಮಾನದ ಕಾಕ್‌ಪಿಟ್‌ಗೆ ಅನುಮತಿಯಿಲ್ಲದವರನ್ನು ಕರೆದದ್ದಕ್ಕೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕ್ಯಾಪ್ಟನ್‌ರ ಲೈಸೆನ್ಸನ್ನು 3 ತಿಂಗಳು ಅಮಾನತು ಮಾಡಿ, ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ಸರಿಯಾದ ಕ್ರಮವೇ.

ಎಟಿಆರ್ 72ರಂಥ ಚಿಕ್ಕ ವಿಮಾನದಲ್ಲಿ ಆ ಸೀಟು ಇಬ್ಬರು ಪೈಲಟ್‌ಗಳ ಬೆನ್ನಿಗೇ ಮಡಚಿಟ್ಟಿರುತ್ತದೆ. ಬಿಚ್ಚಿ ಕುಳಿತರೆ ಬಾಗಿಲಿನ ದಾರಿಯೇ ತುಂಬುತ್ತದೆ. ಆದ್ದರಿಂದ ಕುಳಿತವರು ಭುಜದ ಪಟ್ಟಿ ಸೇರಿ ಬೆಲ್ಟ್ ಬಿಗಿದುಕೊಂಡು, ಆಮ್ಲಜನಕದ ಮಾಸ್ಕ್ ಎಲ್ಲಿದೆ, ತುರ್ತು ಸಮಯದಲ್ಲಿ ಹೊರಬೀಳುವುದು ಹೇಗೆ ಎಂದು ಮೊದಲೇ ಕೇಳಿಕೊಳ್ಳಬೇಕು. 10,000 ಅಡಿಗಿಂತ ಕೆಳಗೆ ಹರಟೆ ಬೇಡವೇ ಬೇಡ. ಎದುರಿಗೆ ಇನ್ನೊಂದು ವಿಮಾನ ಕಾಣುವಂಥ ಸುರಕ್ಷತೆಯ ವಿಷಯವಿದ್ದರೆ ಮಾತ್ರ ಹೇಳಬೇಕು. ಅವರ ತೂಕವೂ ವಿಮಾನದ ತೂಕದ ಲೆಕ್ಕ ಬರೆಯುವ ಲೋಡ್‌ಶೀಟ್‌ನಲ್ಲಿ ಸೇರಲೇಬೇಕು. ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಗಾಳಿ ತೆಳುವಾಗಿ, ಎಂಜಿನ್‌ ಬಲವೂ ರೆಕ್ಕೆಯ ಎತ್ತುವ ಬಲವೂ ತಗ್ಗಿದಾಗ ಬರೆಯದ ಒಬ್ಬರ ತೂಕವೂ ಲೆಕ್ಕ ತಪ್ಪಿಸುತ್ತದೆ.

ತರಬೇತಿ ಶಾಲೆಗಳು ಇದನ್ನು ಮೊದಲ ವರ್ಷದಲ್ಲೇ ಕಲಿಸಲಿ.

— ವಿಮಾನಯಾನ ಬಲ್ಲ ಓದುಗರು, ಕಲಬುರಗಿ