ಹಾರುವ ದೈತ್ಯನ ಸುದ್ದಿಗೆ ಪುರಾವೆಯೂ ಬೇಕು

ಮಾನ್ಯರೇ,

ಪಪುವಾ ನ್ಯೂಗಿನಿಯ ಉಂಬೋಯ್ ದ್ವೀಪದಲ್ಲಿ ‘ರೋಪೆನ್’ ಎಂಬ ಹಾರುವ ದೈತ್ಯ ಜೀವಿ ಇನ್ನೂ ಬದುಕಿದೆ ಎಂಬಂಥ ಸುದ್ದಿಗಳು ಪುರಾವೆಯ ಮಾತೇ ಇಲ್ಲದೆ ಪ್ರಕಟವಾಗುತ್ತಿರುವುದು ಬೇಸರದ ಸಂಗತಿ. ಇದನ್ನು ‘ಹಾರುವ ಡೈನೊಸಾರ್’ ಎನ್ನುವುದೂ ತಪ್ಪು. ಇದು ಟೆರೊಸಾರ್ ಎಂಬ ಪುರಾತನ ಹಾರುವ ಸರೀಸೃಪ ಎನ್ನುವುದು ನಂಬುವವರ ವಾದ. ಟೆರೊಸಾರ್‌ಗಳು ಡೈನೊಸಾರ್‌ಗಳ ಹತ್ತಿರದ ಬಂಧುಗಳು ಅಷ್ಟೇ. ಅವು ಸುಮಾರು 6.6 ಕೋಟಿ ವರ್ಷಗಳ ಹಿಂದೆಯೇ ಅಳಿದವು. ಆಮೇಲಿನ ಕಾಲದ ಕಲ್ಲುಪದರಗಳಲ್ಲಿ ಅವುಗಳ ಒಂದು ಎಲುಬೂ ಸಿಕ್ಕಿಲ್ಲ.

ಅಳಿದೇ ಹೋಗಿದೆ ಎಂದುಕೊಂಡಿದ್ದ ಸೀಲಕಾಂತ್ ಮೀನು 1938ರಲ್ಲಿ ದಕ್ಷಿಣ ಆಫ್ರಿಕಾದ ಕಡಲಲ್ಲಿ ಸಿಗಲಿಲ್ಲವೇ ಎಂದು ಕೆಲವರು ವಾದಿಸುತ್ತಾರೆ. ನಿಜ, ಸಿಕ್ಕಿತು. ಆದರೆ ಅಲ್ಲಿ ಮೀನೇ ಕೈಯಲ್ಲಿತ್ತು. ಪರಿಣತರು ಅದನ್ನು ಪರೀಕ್ಷಿಸಿ ಹೆಸರಿಟ್ಟರು. ರೋಪೆನ್ ವಿಷಯದಲ್ಲಿ ಎಲುಬಿಲ್ಲ, ಚರ್ಮವಿಲ್ಲ, ನಂಬಬಹುದಾದ ಒಂದು ಫೋಟೊ ಸಹ ಇಲ್ಲ.

ಹಾಗೆಂದು ಆ ದ್ವೀಪದ ಜನ ಸುಳ್ಳು ಹೇಳುತ್ತಿದ್ದಾರೆ ಎನ್ನುವುದು ಅನ್ಯಾಯ. ನ್ಯೂಗಿನಿ ಭಾಗದಲ್ಲಿ ಹಣ್ಣು ತಿನ್ನುವ ದೊಡ್ಡ ಬಾವಲಿಗಳಿವೆ. ಕೆಲವುಗಳ ರೆಕ್ಕೆಯ ಹರವು ಒಂದೂವರೆ ಮೀಟರ್ ಮುಟ್ಟುತ್ತದೆ. ಮುಸ್ಸಂಜೆಯಲ್ಲಿ, ದೂರದಿಂದ ನೋಡಿದಾಗ ಗಾತ್ರದ ಅಂದಾಜು ಯಾರಿಗಾದರೂ ತಪ್ಪಬಹುದು, ಅಲ್ವಾ? ನನ್ನ ತರಗತಿಯ ಮಕ್ಕಳು ಇಂಥ ಸುದ್ದಿ ಹಿಡಿದು ಕಣ್ಣರಳಿಸಿ ಬರುತ್ತಾರೆ. ಆ ಕುತೂಹಲ ನನಗೆ ಬಹಳ ಇಷ್ಟ. ಅದು ಸುಮ್ನೆ ಹಾಳಾಗಬಾರದು.

ಇನ್ನು ಮುಂದೆ ಇಂಥ ವರದಿಯ ಪಕ್ಕದಲ್ಲೇ ಪ್ರಾಣಿಶಾಸ್ತ್ರಜ್ಞರೊಬ್ಬರ ನಾಲ್ಕು ಸಾಲಿನ ವಿವರಣೆ ಹಾಕಿ. ಜತೆಗೆ ಆ ಬಾವಲಿಯ ಚಿತ್ರವನ್ನೂ ಕೊಡಿ.

– ವಿಜ್ಞಾನ ಶಿಕ್ಷಕಿ, ಶಿರಸಿ