ಬಿಟ್ಟುಕೊಟ್ಟದ್ದನ್ನು ಹಿಂದಕ್ಕೆ ಕಸಿದುಕೊಳ್ಳುವ ನಾವು

ಮಾನ್ಯ ಸಂಪಾದಕರೇ,

‘ಎಲ್ಲವನ್ನೂ ದೇವರಿಗೆ ಬಿಟ್ಟಿದ್ದೇನೆ’ ಎಂಬ ಮಾತು ಕ್ರೈಸ್ತ ಸಭೆಗಳಲ್ಲಿ ಎಷ್ಟು ಸಲೀಸಾಗಿ ಬಳಕೆಯಾಗುತ್ತದೆಂದರೆ, ಅದರ ಭಾರ ಆಡುವವರಿಗೇ ಮರೆತುಹೋದಂತಿದೆ. ಲೂಕನ ಸುವಾರ್ತೆಯ 22ನೇ ಅಧ್ಯಾಯದಲ್ಲಿ ಬಂಧನವಾದ ರಾತ್ರಿ, ಅದಕ್ಕೆ ತುಸು ಮುಂಚೆ ಪ್ರಾರ್ಥಿಸುವ ಯೇಸು, ಮೊದಲು ಕೇಳುವುದು ಆ ಕಷ್ಟದ ಪಾತ್ರೆ ತನ್ನಿಂದ ತೊಲಗಲಿ ಎಂದೇ. ತಂದೆಯ ಚಿತ್ತವೇ ನೆರವೇರಲಿ ಎಂಬುದು ಆ ಬಳಿಕದ ಮಾತು. ಮತ್ತಾಯನ ಸುವಾರ್ತೆಯ ಪ್ರಕಾರ ಅದೇ ರಾತ್ರಿ ಅವರು ಗೆತ್ಸೇಮನೆ ಎಂಬ ಸ್ಥಳದಲ್ಲಿ ಮೂರು ಸಲ ಪ್ರಾರ್ಥಿಸಿದರು. ಹೀಗಿರುವಾಗ, ಒಂದು ಪ್ರಾರ್ಥನೆಗೆ ಮನಸ್ಸು ಹಗುರಾಗಲಿಲ್ಲವೆಂದು ಯಾರನ್ನಾದರೂ ಅಲ್ಪವಿಶ್ವಾಸಿ ಎಂದು ಹಳಿಯುವುದು ಎಲ್ಲಿಯ ನ್ಯಾಯ?

ನನ್ನ ಅನುಭವವನ್ನೇ ಹೇಳುವುದಾದರೆ, ತಾಯಿಯ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಮೊಣಕಾಲೂರಿ ಅವರನ್ನು ದೇವರ ಕೈಗೊಪ್ಪಿಸಿ ‘ಆಮೆನ್’ ಎಂದ ಮರುಗಳಿಗೆಯೇ, ಎದ್ದು ನಿಲ್ಲುವ ಮೊದಲೇ, ಮೊಬೈಲ್ ತೆರೆದು ರಕ್ತಪರೀಕ್ಷೆಯ ಅಂಕಿಗಳ ಅರ್ಥ ಹುಡುಕತೊಡಗಿದ್ದೆ. ಆ ರಾತ್ರಿ ಹಾಗೆ ಕೊಟ್ಟು, ಕಸಿದುಕೊಂಡು, ಮತ್ತೆ ಕೊಟ್ಟದ್ದು ಎಷ್ಟು ಸಲವೋ! ಶರಣಾಗತಿಯನ್ನು ನಾನು ಅಷ್ಟಿಷ್ಟು ಕಲಿತದ್ದು ಈ ಪುನರಾವರ್ತನೆಯಲ್ಲೇ.

ಇನ್ನು ನಂಬಿಕೆಯ ಹೆಸರಿನಲ್ಲಿ ಔಷಧಿಯನ್ನೇ ಬಿಡಿಸುವ ಉಪದೇಶಕರ ವಿಷಯ. ಯಾವ ಸಂಗತಿಗೂ ಚಿಂತಿಸಬೇಡಿರೆಂದು ಸೆರೆಯಲ್ಲಿದ್ದುಕೊಂಡೇ ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆದ ಅಪೊಸ್ತಲ ಪೌಲನ ಹೆಸರಿನಲ್ಲೇ, ಆಗಾಗ ಕಾಡುವ ಅಸ್ವಸ್ಥತೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಶಿಷ್ಯ ತಿಮೊಥೆಯನಿಗೆ ಹೇಳುವ ಪತ್ರವೂ ಇದೆ. ಸಭಾಪಾಲಕರು ಈ ಎರಡೂ ಪತ್ರಗಳನ್ನು ಒಂದೇ ಭಾನುವಾರ ಓದಿಸಬೇಕೆಂದು ವಿನಂತಿ.

– ಓರ್ವ ಓದುಗ